ಬೋರ್ ಪೈಪಿನ ಹೂಲಾ ಹೂಪ್, ಸಿಂಟೆಕ್ಸ್ ಟ್ಯಾಂಕಿನ ಅಚ್ಚು

ತೋಟಕ್ಕೆ ನೀರು ಹಾಯಿಸುವ 25 ಎಂ.ಎಂ. ಕಪ್ಪು ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಪೈಪಿನಲ್ಲಿ ಒಳ್ಳೆ ಹೂಲಾ ಹೂಪ್, ಅಂದರೆ ಸೊಂಟಕ್ಕೆ ಹಾಕಿ ತಿರುಗಿಸುವ ದೊಡ್ಡ ಬಳೆ, ಆಗಲ್ಲ ಅಂತ ನನಗೆ ಹೇಳಿದವರು ಬಹಳ ಜನ. ಪ್ಲಂಬರ್ ಹೇಳಿದ. ಪೈಪ್ ಅಂಗಡಿಯವರು ಹೇಳಿದರು. ಬೆಂಗಳೂರಿನಲ್ಲಿ ಹೂಪ್ ಆಡುವ ನನ್ನ ಗೆಳತಿಯಂತೂ ನಕ್ಕೇಬಿಟ್ಟಳು. ಅವಳ ಹತ್ತಿರ ಹೊರದೇಶದಿಂದ ತರಿಸಿದ ಪಾಲಿಪ್ರೋ, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಹೂಪ್ ಇದೆ, ಎರಡೂವರೆ ಸಾವಿರದ್ದೋ ಮೂರು ಸಾವಿರದ್ದೋ. ಈಗ ಅವಳೇ ನನ್ನಿಂದ ಎರಡು ಮಾಡಿಸಿಕೊಂಡು ಹೋಗಿದ್ದಾಳೆ. ಪಾಲಿಪ್ರೋ ಹೂಪನ್ನು ಕಾರ್ಯಕ್ರಮ ಇದ್ದಾಗ ಮಾತ್ರ ತೆಗೆಯುತ್ತಾಳಂತೆ, ಅಭ್ಯಾಸಕ್ಕೆ ನನ್ನದೇ. ಅದಕ್ಕೇ ಬರೆಯುತ್ತಿದ್ದೇನೆ.

ಅಳತೆ, ಪರಿಧಿ ಲೆಕ್ಕ, ಯಾರಿಗೆ ಎಷ್ಟು ದೊಡ್ಡ ಹೂಪ್ ಬೇಕು, ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ. ಬಿಟ್ಟುಬಿಡುತ್ತೇನೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳುತ್ತೇನೆ, ನಿಮಗೆ ಅಷ್ಟಾದರೂ ಉಳಿಯಲಿ. ಗೋಡೆಯೊಳಗೆ ವೈರ್ ಎಳೆಯುವ ಎಲೆಕ್ಟ್ರಿಕ್ ಕಂಡ್ಯೂಟ್ ಪೈಪ್ ತಂದೆ. ಬಗ್ಗಿಸಿದ ಕಡೆ ಮಡಚಿಕೊಂಡು ಬಿಳಿ ಗೆರೆ ಬಿತ್ತು, ಸಂಜೆಗೆ ಅಲ್ಲೇ ಮುರಿಯಿತು. ಬಿಸಿನೀರಿನ ಲೈನಿಗೆ ಹಾಕುವ ಪಿಪಿಆರ್ ಪೈಪ್ ತಂದೆ. ಅದೂ ಪಾಲಿಪ್ರೊಪಿಲೀನೇ ತಾನೆ, ಆಗಬೇಕಲ್ವಾ ಅನ್ನಿಸಿತ್ತು. ಮೂರು ಮೀಟರಿನ ನೆಟ್ಟಗಿನ ಕಡ್ಡಿ, ಗೋಡೆ ಭಾರಿ ದಪ್ಪ, ಇಬ್ಬರು ಹಿಡಿದು ಬಗ್ಗಿಸಿದರೂ ಬಗ್ಗಲಿಲ್ಲ. ಡ್ರಿಪ್ಪಿನ 16 ಎಂ.ಎಂ. ಲ್ಯಾಟರಲ್, ಅಂದರೆ ಗಿಡದ ಸಾಲಿಗೆ ಎಳೆಯುವ ಸಣ್ಣ ಪೈಪ್, ತೀರಾ ಮೆತ್ತಗೆ. ಸೊಂಟಕ್ಕೆ ಹಾಕಿದರೆ ನಿಮ್ಮ ಜೊತೆ ತಿರುಗುವುದಿಲ್ಲ, ಜೋತು ಬೀಳುತ್ತದೆ. ಕೊನೆಗೆ ಉಳಿದದ್ದು ಎಚ್‌ಡಿಪಿಇ. ತುಮಕೂರಿನಲ್ಲಿ ಆ ಪೈಪಿಗೇನು ಬರ. ಅಡಿಕೆ ತೋಟದ ಸೀಮೆ, ಬೀದಿಗೊಂದು ಪೈಪ್ ಅಂಗಡಿ.

ಅಂಗಡಿಯವರು ಕೇಳಿದರು, "ಮೇಡಂ, ಬೋರ್‌ಗಾ, ಡ್ರಿಪ್‌ಗಾ?" ಮಕ್ಕಳು ಸೊಂಟಕ್ಕೆ ಹಾಕಿ ಆಡೋದಕ್ಕೆ ಅಂದೆ. ಪಕ್ಕದಲ್ಲಿ ನಿಂತಿದ್ದ ಹುಡುಗನೂ ನಕ್ಕ. ನಗಬೇಡಿ, ಈ ಪ್ಲಾಸ್ಟಿಕ್ ಬದುಕಿದ್ದೇ ಹೂಪಿನಿಂದ ಅಂತ ಹೇಳಿದೆ. ನಿಜವಾಗಿಯೂ ಹಾಗೇ. ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿಯ ಹೋಗನ್ ಮತ್ತು ಬ್ಯಾಂಕ್ಸ್ ಎಂಬ ಇಬ್ಬರು 1951ರಲ್ಲಿ ಇದನ್ನು ಕಂಡುಹಿಡಿದರು. ಮಾರ್ಲೆಕ್ಸ್ ಅಂತ ಹೆಸರಿಟ್ಟು ಮಾರಲು ಹೊರಟರೆ ಗುಣಮಟ್ಟ ಒಂದೇ ಸಮ ಬರಲಿಲ್ಲ, ಗೋದಾಮಿನಲ್ಲಿ ಮಾಲು ಕೊಳೆಯುತ್ತಾ ಬಿತ್ತು. 1958ರಲ್ಲಿ ವ್ಹಾಮ್-ಓ ಕಂಪನಿ ಹೂಲಾ ಹೂಪ್ ಬಿಟ್ಟಿತು ನೋಡಿ, ಆ ಮಾಲೆಲ್ಲ ಖಾಲಿಯಾಯಿತು. ಅಂಗಡಿಯವರು ಇದನ್ನು ನಂಬಲಿಲ್ಲ. ಆದರೆ ಮೀಟರಿಗೆ ಎರಡು ರೂಪಾಯಿ ಇಳಿಸಿದರು.

ಮೀಟರಿಗೆ ಸುಮಾರು 35 ರೂಪಾಯಿ. ಇಡೀ ನೂರು ಮೀಟರ್ ಬಂಡಲ್ ತಂದೆ. ಮೂರು ಸಾವಿರದ ಮೇಲೆ ಎಷ್ಟೋ ಆಯಿತು, ಜೊತೆಗೆ ಆಟೋ. ಮನೆಯಲ್ಲಿ ಏನಂದರು ಅನ್ನುವುದು ಇಲ್ಲಿ ಬೇಡ.

ಆ ಬಂಡಲ್ಲಿನಲ್ಲೇ ನಿಜವಾದ ತಾಪತ್ರಯ ಶುರುವಾದದ್ದು. ಬಂಡಲ್ಲಿನ ಒಳಸುತ್ತು ಎರಡಡಿ ಅಗಲ. ನಮಗೆ ಬೇಕಾದದ್ದು ಮೂರೂಕಾಲು ಅಡಿ. ಕಾರ್ಖಾನೆಯಲ್ಲಿ ಸುತ್ತಿದ ಆ ಬಾಗು ಪೈಪಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಬಲವಂತವಾಗಿ ದೊಡ್ಡ ಸುತ್ತು ಮಾಡಿ ಎರಡು ತುದಿ ಸೇರಿಸಿದರೆ ಹೂಪ್ ನೆಲದ ಮೇಲೆ ಮಲಗುವುದೇ ಇಲ್ಲ, ಕರಿದ ಹಪ್ಪಳದ ಹಾಗೆ ಎರಡು ಕಡೆ ಮೇಲೆದ್ದು ಎರಡು ಕಡೆ ಕೆಳಗಿಳಿದು ಸೊಟ್ಟಗಾಗುತ್ತದೆ. ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಸೊಂಟದಲ್ಲಿ ತಿರುಗಿಸಿದರೆ ಪ್ರತಿ ಸುತ್ತಿಗೂ ಒಂದು ಏಟು. ಎಚ್‌ಡಿಪಿಇ ಹೂಪ್ ಸರಿಯಿಲ್ಲ ಅನ್ನುವವರೆಲ್ಲ ನೋಡಿರುವುದು ಇದನ್ನೇ. ಅದು ಪೈಪಿನ ದೋಷ ಅಲ್ಲ, ಸುತ್ತಿನ ದೋಷ.

ಬಾಗು ಬಿಡಿಸಲು ಎಲ್ಲರೂ ಹೇಳುವುದು ಬಿಸಿನೀರು. ಮೂರು ಮೀಟರ್ ಪೈಪನ್ನು ಯಾವ ಪಾತ್ರೆಯಲ್ಲಿ ಅದ್ದುತ್ತೀರಿ? ಒಳಗೆ ಕುದಿಯುವ ನೀರು ಸುರಿದೆ, ಇನ್ನೊಂದು ತುದಿಗೆ ಬರುವಷ್ಟರಲ್ಲಿ ಆರಿತು, ಕೈ ಮಾತ್ರ ಸುಟ್ಟಿತು. ಹೀಟ್ ಗನ್ ಬಾಡಿಗೆಗೆ ತಂದೆ, ದಿನಕ್ಕೆ 200. ಒಂದೊಂದು ಕಡೆ ಜಾಸ್ತಿ ಕಾಯ್ದು ಆ ಜಾಗವೇ ಚಪ್ಪಟೆ.

ಮಹಡಿ ಮೇಲಿನ ನೀರಿನ ಟ್ಯಾಂಕ್ ಅಚ್ಚಾಗಬಹುದು ಅಂತ ಹೊಳೆದದ್ದು ಬಟ್ಟೆ ಒಣಹಾಕುವಾಗ. ಸಾವಿರ ಲೀಟರಿನ ಸಿಂಟೆಕ್ಸ್, ಅಡ್ಡಗಲ ಒಂದು ಮೀಟರಿಗಿಂತ ತುಸು ಹೆಚ್ಚು. ಸುತ್ತಲೂ ಗೆರೆ ಗೆರೆಯಾಗಿ ಉಬ್ಬು ಇರುತ್ತಲ್ಲ, ಎರಡು ಉಬ್ಬಿನ ನಡುವೆ ಪೈಪ್ ಹಾಗೇ ಕೂರುತ್ತದೆ, ಜಾರುವುದಿಲ್ಲ. ಬಿಗಿಯಾಗಿ ಸುತ್ತಿ, ತೆಂಗಿನ ಹಗ್ಗದಲ್ಲಿ ಕಟ್ಟಿ ಬಿಡಿ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಕಪ್ಪು ಪೈಪ್ ಮಧ್ಯಾಹ್ನ ಮುಟ್ಟಲಾರದಷ್ಟು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಹೀಗೆ ಒಂದು ವಾರ ಬಿಟ್ಟರೆ ಹಳೆಯ ಬಾಗು ಮರೆತು ಟ್ಯಾಂಕಿನ ಬಾಗು ಹಿಡಿಯುತ್ತದೆ. ಬಿಚ್ಚಿದ ಮೇಲೆ ಸ್ವಲ್ಪ ಒಳಕ್ಕೆ ಎಳೆದುಕೊಳ್ಳುತ್ತದೆ, ಅಲ್ಲಿಗೆ ಸರಿಯಾಗಿ ಒಂದು ಮೀಟರ್ ಅಡ್ಡಗಲದ ಹೂಪ್. ಮಕ್ಕಳ ಹೂಪಿಗೆ 500 ಲೀಟರಿನ ಟ್ಯಾಂಕ್ ಬೇಕು. ಅದು ಪಕ್ಕದ ಮನೆ ಆಂಟಿಯದು. ಬಾಡಿಗೆಯಾಗಿ ಅವರ ಮೊಮ್ಮಗಳಿಗೆ ಒಂದು ಹೂಪ್ ಕೊಟ್ಟಿದ್ದೇನೆ.

ಮಳೆಗಾಲದಲ್ಲಿ ಈ ಕೆಲಸ ಆಗುವುದಿಲ್ಲ. ಜೂನ್ ಒಳಗೆ ವರ್ಷಕ್ಕಾಗುವಷ್ಟು ಪೈಪ್ ಬಾಗಿಸಿಟ್ಟುಕೊಳ್ಳಿ. ಅಂಗಡಿಯಲ್ಲಿ ಬಿಡಿ ಪೈಪ್ ತಗೊಳ್ಳುವುದಾದರೆ ಬಂಡಲ್ಲಿನ ಹೊರಸುತ್ತಿನಿಂದಲೇ ಕತ್ತರಿಸಿ ಕೊಡಲು ಹೇಳಿ, ಅರ್ಧ ಕೆಲಸ ಉಳಿಯುತ್ತದೆ.

ಒಂದು ವಿಷಯ ಮಾತ್ರ ಪೂರ್ತಿ ಹೇಳುವುದಿಲ್ಲ. ಟ್ಯಾಂಕಿಗೆ ಸುತ್ತಿದರೂ ಎರಡು ತುದಿಯ ಅರ್ಧ ಅಡಿ ನೆಟ್ಟಗೇ ಉಳಿದುಬಿಡುತ್ತದೆ, ಸೇರಿಸಿದಾಗ ಅಲ್ಲಿ ಮೂತಿ ಬರುತ್ತದೆ. ನನ್ನ ಹೂಪಿನಲ್ಲಿ ಮೂತಿ ಇರುವುದಿಲ್ಲ. ಪೈಪನ್ನು ಯಾವಾಗ ಕತ್ತರಿಸುತ್ತೀರಿ ಅನ್ನುವುದರಲ್ಲಿ ಅರ್ಧ ಉತ್ತರ ಇದೆ. ಇನ್ನರ್ಧ ನನ್ನ ಹತ್ತಿರ ಇರಲಿ.

ಇನ್ನು ಜಾಯಿಂಟ್. ಎಚ್‌ಡಿಪಿಇಗೆ ಅಂಗಡಿಯ ಮಾಮೂಲಿ ಅಂಟು ಯಾವುದೂ ಹಿಡಿಯುವುದಿಲ್ಲ. ಫೆವಿಕ್ವಿಕ್, ಅರಾಲ್ಡೈಟ್, ಎಂ-ಸೀಲ್ ಎಲ್ಲ ಹಾಕಿ ನೋಡಿದ್ದೇನೆ. ಒಣಗಿದ ಮೇಲೆ ಉಗುರಲ್ಲಿ ಎಬ್ಬಿಸಿದರೆ ಸಿಪ್ಪೆ ಬಂದ ಹಾಗೆ ಬರುತ್ತದೆ. ಎರಡು ಪೈಪ್ ಸೇರಿಸಲು ಪ್ಲಂಬರ್ ಹಾಕುವ ಕಂಪ್ರೆಷನ್ ಕಪ್ಲರ್ ಗಟ್ಟಿಯೇನೋ ಹೌದು, ಆದರೆ ಮುಷ್ಟಿ ಗಾತ್ರ. ಹೂಪ್ ಒಂದೇ ಕಡೆ ಭಾರವಾಗಿ ಹೊಟ್ಟೆಗೆ ಗುದ್ದುತ್ತದೆ.

ನನ್ನ ಜಾಯಿಂಟಿಗೆ ಬೇರೆ ಸಾಮಾನೇ ಬೇಡ. 25ರ ಪೈಪಿನ ಒಳಗೆ 20ರ ಪೈಪ್ ಕೂರುತ್ತದೆ! 25ರ ಗೋಡೆ 2.3 ಎಂ.ಎಂ. ಇದ್ದರೆ ಒಳ ಅಗಲ 20.4. ಗೋಡೆ ಒಂದೊಂದು ಬಂಡಲ್ಲಿನಲ್ಲಿ ಸ್ವಲ್ಪ ದಪ್ಪ ಬರುತ್ತದೆ, ಆಗ 20ರ ತುಂಡು ಒಳಗೆ ಹೋಗದೆ ಹಟ ಮಾಡುತ್ತದೆ. ಅದಕ್ಕೇ ನನ್ನ ಕೈಚೀಲದಲ್ಲಿ ಯಾವಾಗಲೂ ಗೇಣುದ್ದದ 20ರ ತುಂಡು ಇರುತ್ತದೆ, ಅಂಗಡಿಯಲ್ಲೇ ತೂರಿಸಿ ನೋಡುತ್ತೇನೆ. ಬಿಗಿ ಇದ್ದರೆ ಒಳ್ಳೆಯದೇ. 25ರ ತುದಿಯನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಇಟ್ಟು, ಒಣಬಟ್ಟೆಯಲ್ಲಿ ಹಿಡಿದು, ತಿರುಗಿಸುತ್ತಾ ಒತ್ತಿದರೆ ಹೋಗುತ್ತದೆ. ಆರಿದ ಮೇಲೆ ಎಳೆದರೂ ಬರುವುದಿಲ್ಲ. ಸಡಿಲ ಇದ್ದರೆ ಇನ್ಸುಲೇಷನ್ ಟೇಪ್ ಒಂದು ಸುತ್ತು. ತುಂಡು ನಾಲ್ಕೂವರೆ, ಐದು ಇಂಚು ಇರಲಿ. ಎರಡೂ ಬದಿಗೆ ಒಂದೊಂದು ಪಾಪ್ ರಿವೆಟ್ (ಎರಡು ಪೈಪನ್ನೂ ಸೇರಿಸಿ ಹಿಡಿಯುವ ಸಣ್ಣ ಲೋಹದ ಮೊಳೆ), ಅದರ ತಲೆಯನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿ. ಅಷ್ಟೇ.

ಮಡಚುವ ಹೂಪ್ ಬೇಕಿದ್ದರೆ ಒಂದು ಬದಿಗೆ ಮಾತ್ರ ರಿವೆಟ್, ಇನ್ನೊಂದು ಬದಿಗೆ ಸ್ಪ್ರಿಂಗ್ ಗುಂಡಿ. ಈ ಗುಂಡಿಗೆ ನಾನು ಅಲೆದದ್ದು ಅಷ್ಟಿಷ್ಟಲ್ಲ. ಹೊರಗಿನಿಂದ ತರಿಸಿದರೆ ಗುಂಡಿಯ ಬೆಲೆಗಿಂತ ಕೊರಿಯರ್ ಜಾಸ್ತಿ. ಛತ್ರಿಯ ಸ್ಪ್ರಿಂಗ್ ಹಾಕಿದೆ, ಬಲ ಸಾಲಲಿಲ್ಲ. ಆಮೇಲೆ ಸರ್ಜಿಕಲ್ ಅಂಗಡಿಯಲ್ಲಿ ಅತ್ತೆಗೆ ವಾಕರ್ ತರಲು ಹೋದಾಗ ಕಣ್ಣಿಗೆ ಬಿತ್ತು. ಕಾಲು ಉದ್ದ ಗಿಡ್ಡ ಮಾಡಲು ಒತ್ತುತ್ತೇವಲ್ಲ, ಅದೇ ಗುಂಡಿ! ಗುಜರಿಯಲ್ಲಿ ಹಳೆಯ ವಾಕರ್ ನೂರು, ನೂರೈವತ್ತಕ್ಕೆ ಸಿಗುತ್ತದೆ. ಒಂದು ವಾಕರಿಗೆ ನಾಲ್ಕು ಕಾಲು, ನಾಲ್ಕು ಗುಂಡಿ. ಸ್ಪ್ರಿಂಗನ್ನು 20ರ ತುಂಡಿನ ಒಳಗೆ ತೂರಿಸಿ, ಗುಂಡಿಗಿಂತ ಕೂದಲೆಳೆ ದೊಡ್ಡ ತೂತು ಎರಡೂ ಪೈಪಿಗೆ ಸೇರಿಸಿ ಕೊರೆಯಿರಿ. ಗುಂಡಿ ಹೂಪಿನ ಒಳಮುಖಕ್ಕೆ ಬಂದರೆ ಸೊಂಟಕ್ಕೆ ಚುಚ್ಚುತ್ತದೆ. ಹೊರಮುಖಕ್ಕೆ ಬಂದರೆ ನೆಲಕ್ಕೆ ಬಿದ್ದಾಗ ಒತ್ತಿಕೊಂಡು ಬಿಚ್ಚಿಹೋಗುತ್ತದೆ. ಪಕ್ಕಕ್ಕೆ ಇರಬೇಕು.

ಬಿಚ್ಚಿ ಎರಡು ಸುತ್ತು ಸುತ್ತಿದರೆ ಅರ್ಧ ಮೀಟರಿನ ಬಳೆ ಆಗುತ್ತದೆ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಳ್ಳಬಹುದು. ಊರಿಗೆ ಹೋದ ತಕ್ಷಣ ಸುತ್ತು ಬಿಡಿಸಿಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಸುತ್ತಿದ ಹಾಗೇ ಬಿಟ್ಟರೆ ಟ್ಯಾಂಕ್ ಒಂದು ವಾರ ಮಾಡಿದ್ದನ್ನು ಕಾರು ಒಂದೇ ಮಧ್ಯಾಹ್ನ ಕೆಡಿಸುತ್ತದೆ.

ಅಲಂಕಾರದ ಟೇಪಿಗೆ ಆನ್‌ಲೈನಿನಲ್ಲಿ ಸಿಕ್ಕಾಪಟ್ಟೆ ರೇಟು. ಗಾಡಿಗೆ ಸ್ಟಿಕ್ಕರ್ ಕತ್ತರಿಸುವವರ ಹತ್ತಿರ ರೇಡಿಯಂ ಶೀಟಿನ ಉಳಿದ ಪಟ್ಟಿಗಳು ಸಿಗುತ್ತವೆ, ಸುಮ್ನೆ ಎಸೆಯುತ್ತಿರುತ್ತಾರೆ. ಅರ್ಧ ಇಂಚು ಅಗಲ ಕತ್ತರಿಸಿ ಓರೆಯಾಗಿ ಸುತ್ತಿ. ಅದಕ್ಕೂ ಮೊದಲು ಪೈಪನ್ನು 120ರ ಮರಳು ಕಾಗದದಲ್ಲಿ ಉಜ್ಜಿ ಸ್ಪಿರಿಟ್ಟಿನಲ್ಲಿ ಒರೆಸದಿದ್ದರೆ ವಾರದಲ್ಲಿ ಟೇಪ್ ಎದ್ದು ಬರುತ್ತದೆ. ಒಳಮುಖಕ್ಕೆ ಹಿಡಿತಕ್ಕಾಗಿ ಎಲೆಕ್ಟ್ರಿಷಿಯನ್ನರ ಬಟ್ಟೆ ಟೇಪ್. ಬ್ಯಾಡ್ಮಿಂಟನ್ ಗ್ರಿಪ್ಪೂ ಹಾಕಿದ್ದೆ. ಹಿಡಿತ ಚೆನ್ನಾಗಿದೆ, ಬೆವರಿಗೆ ವಾಸನೆ.

ಹೀಗೆ ಒಂದು ಮೀಟರಿನ ಹೂಪಿಗೆ ಪೈಪ್ 110, ಗುಂಡಿ 30, 40, ಟೇಪ್, ರಿವೆಟ್ ಎಲ್ಲ ಸೇರಿ 200ರ ಆಸುಪಾಸು ಬೀಳುತ್ತದೆ. ನಾನು 450ಕ್ಕೆ ಕೊಡುತ್ತೇನೆ. ತೂಕ ಅರ್ಧ ಕೆ.ಜಿ. ಚಿಲ್ಲರೆ, ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಕೈಯಲ್ಲಿ ಆಡಿಸುವವರಿಗೆ 20ರ ಪೈಪಿನಲ್ಲಿ 85 ಸೆಂ.ಮೀ., ಅದು ಮುನ್ನೂರು ಗ್ರಾಂ ಒಳಗೆ ಬರುತ್ತದೆ. 2020ರಲ್ಲಿ ದೆಹಲಿಯ ಎಶ್ನಾ ಕುಟ್ಟಿ ಸೀರೆ ಉಟ್ಟು ಹೂಪ್ ಆಡಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ. ಸಂಜೆ ಪಾರ್ಕಿಗೆ ಬರುವ ಹೆಂಗಸರು ಈಗಲೂ ಅದನ್ನೇ ತೋರಿಸಿ "ಅಕ್ಕಾ, ಇಂಥದ್ದು" ಅನ್ನುತ್ತಾರೆ. ಮೊದಲು 25ರದ್ದನ್ನೇ ಕೊಡುತ್ತೇನೆ. ಹಗುರದ್ದು ಬೇಗ ತಿರುಗಿ ಬೇಗ ಬೀಳುತ್ತದೆ, ಕಲಿಯುವವರಿಗೆ ಬೇಸರ ಬರುತ್ತದೆ.

ಪಕ್ಕದ ಪ್ರಯೋಗಗಳೂ ನಡೆದಿವೆ. ಶಬ್ದ ಬರಲಿ ಅಂತ ಹೂಪಿನೊಳಗೆ ಹೆಸರುಕಾಳು ಹಾಕಿದೆ, ಮಳೆಗಾಲದಲ್ಲಿ ಹುಳ ಬಿತ್ತು. ರಾಗಿ ಹಾಕಿದೆ. ರಾಗಿಗೆ ಹುಳ ಬೀಳಲ್ಲ, ಅದು ನಮ್ಮ ಸೀಮೆಗೆಲ್ಲ ಗೊತ್ತು. ಸೋನೆ ಮಳೆಯ ಶಬ್ದ, ಮಕ್ಕಳಿಗೆ ಬಹಳ ಇಷ್ಟ. ಗುಂಡಿ ಇರುವ ಹೂಪಿಗೆ ಮಾತ್ರ ಹಾಕಬೇಡಿ, ಸ್ಪ್ರಿಂಗಿಗೆ ಕಾಳು ಸಿಕ್ಕಿಕೊಳ್ಳುತ್ತದೆ. ಗಾರೆ ಕೆಲಸದವರ ಪಾರದರ್ಶಕ ಲೆವೆಲ್ ಪೈಪಿನಲ್ಲಿ ಸೀರಿಯಲ್ ಲೈಟ್ ತೂರಿಸಿ ಬೆಳಕಿನ ಹೂಪ್ ಮಾಡಹೊರಟೆ. ಬೆಳಕು ಬಂತು, ಹೂಪ್ ಆಗಲಿಲ್ಲ. ಆ ಪೈಪಿಗೆ ಬೆನ್ನೆಲುಬೇ ಇಲ್ಲ.

ಮೊದಲ ಬಂಡಲ್ಲಿನ ಸೊಟ್ಟ ಹೂಪ್‌ಗಳು ಏನಾದವು ಅಂತ ಕೇಳುತ್ತೀರಿ. ಕೆಲವನ್ನು ಮಗ್ಗ ಮಾಡಿಕೊಂಡು ಹಳೆಯ ಹತ್ತಿ ಸೀರೆಯ ಪಟ್ಟಿಗಳಲ್ಲಿ ದುಂಡನೆ ಚಾಪೆ ಹೆಣೆದೆ. ಪಟ್ಟಿಗಳನ್ನು ಚಕ್ರದ ಅರಗಳಂತೆ ಅಡ್ಡಡ್ಡ ಬಿಗಿದು, ನಡುವಿನಿಂದ ಒಂದರ ಮೇಲೆ ಒಂದರ ಕೆಳಗೆ ಹೆಣೆಯುತ್ತಾ ಬರುವುದು. ಅರಗಳ ಸಂಖ್ಯೆ ಬೆಸ ಇರಲೇಬೇಕು. ಸಮ ಇದ್ದರೆ ಎರಡನೇ ಸುತ್ತಿನಲ್ಲೂ ಅದೇ ಅರದ ಮೇಲೇ ಬರುತ್ತದೆ, ನೇಯ್ಗೆ ಕೂರುವುದಿಲ್ಲ. ತುಂಬಾ ಬಿಗಿ ಎಳೆದರೆ ಹೂಪಿನಿಂದ ಬಿಡಿಸಿದ ಕೂಡಲೇ ಚಾಪೆ ಬಟ್ಟಲಾಗುತ್ತದೆ. ಟೀಶರ್ಟ್ ಬಟ್ಟೆಗಿಂತ ಸೀರೆ ವಾಸಿ, ಅಷ್ಟು ಹಿಗ್ಗುವುದಿಲ್ಲ.

ಉಳಿದದ್ದೆಲ್ಲ ಡೆಕೊರೇಷನ್ ಮಾಡುವ ಹುಡುಗರು ಕೊಂಡುಹೋದರು, ಒಂದಕ್ಕೆ ನೂರೈವತ್ತರಂತೆ. ನಾಮಕರಣ, ಸೀಮಂತದ ಸ್ಟೇಜಿನ ಹಿಂದೆ ದೊಡ್ಡ ಬಳೆ ತೂಗುಹಾಕುತ್ತಾರಲ್ಲ, ಅದಕ್ಕೆ. ಸೊಟ್ಟ ಇದೆ ನೋಡಿ ಅಂತ ಮೊದಲೇ ಹೇಳಿದೆ. "ಚೆಂಡು ಹೂವು ಹಾಕಿದ್ಮೇಲೆ ಯಾರಿಗ್ ಕಾಣ್ಸುತ್ತೆ ಬಿಡಿ ಅಕ್ಕಾ" ಅಂದರು. ಬಂಡಲ್ಲಿನ ದುಡ್ಡು ಹೆಚ್ಚುಕಡಿಮೆ ಅಲ್ಲೇ ವಾಪಸ್ ಬಂತು. ಈಗ ಅವರಿಗೆ ಐದಡಿಯದ್ದು ಬೇಕಂತೆ, 32ರ ಪೈಪಿನಲ್ಲಿ. ಅಷ್ಟು ಅಗಲದ ಟ್ಯಾಂಕ್ ಯಾರ ಮಹಡಿಯಲ್ಲಿದೆ ಅಂತ ಬೀದಿಯುದ್ದಕ್ಕೂ ತಲೆಯೆತ್ತಿ ನೋಡಿಕೊಂಡು ಓಡಾಡುತ್ತಿದ್ದೇನೆ.