ಹೊಂಡದ ನೀರಿನಲ್ಲಿ ಬಾಳೆ: ಮೊದಲು ನೀರಿನ ಲೆಕ್ಕ, ಆಮೇಲೆ ಗುಣಿ

ಬಯಲುಸೀಮೆಯಲ್ಲಿ ಬರೀ ಕೃಷಿ ಹೊಂಡ ನಂಬಿ ಬಾಳೆ ಬೆಳೆಯಬಹುದು. ಎಷ್ಟು ಗಿಡ ಎಂಬುದನ್ನು ಮಾತ್ರ ಹೊಂಡವೇ ಹೇಳಬೇಕು.

21 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡದ ತಳ, ದಡದ ಇಳಿಜಾರು ಕಳೆದು 15 ಮೀಟರ್ ಉಳಿದರೆ, ಹಿಡಿಯುವುದು ಸುಮಾರು 9.8 ಲಕ್ಷ ಲೀಟರ್. ದಿನಕ್ಕೆ 5 ಮಿ.ಮೀ. ಆವಿಯಾದರೆ ಜನವರಿಯಿಂದ ಮೇವರೆಗೆ ಮೂರರಲ್ಲೊಂದು ಪಾಲು ಹೋಯಿತು. ಉಳಿದ 6.5 ಲಕ್ಷವನ್ನು ಗಿಡಕ್ಕೆ ದಿನಕ್ಕೆ 15 ಲೀಟರಿನಂತೆ 150 ದಿನ ಹಂಚಿದರೆ 290 ಗಿಡ. 6 ಅಡಿ ಅಂತರದಲ್ಲಿ ಕಾಲು ಎಕರೆ. ಒಂದು ಎಕರೆಗೆ ಕೈಹಾಕಿದರೆ ಗೊನೆ ಬರುವ ಮೊದಲೇ ಹೊಂಡ ಬರಿದು.

ಹೊಂಡಕ್ಕೆ 500 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿ. ನೀರು ಬರುವ ಬಾಯಲ್ಲಿ 2 ಮೀಟರ್ ಚೌಕದ ಹೂಳುಗುಂಡಿ ಇರಲಿ. ಸುತ್ತ ಬೇಲಿ ಹಾಕಿ, ಒಳಗೆ ಗಂಟು ಕಟ್ಟಿದ ಹಗ್ಗ ಇಳಿಬಿಡುವುದನ್ನು ದಯವಿಟ್ಟು ಮರೆಯಬೇಡಿ. ಪಾಚಿ ಹಿಡಿದ ಹಾಳೆಯ ಮೇಲೆ ಈಜು ಬಲ್ಲವರಿಗೂ ಹತ್ತಿ ಬರಲಾಗದು.

ನಾಟಿಗೆ ಹಿಂಗಾರು, ಅಂದರೆ ಹೊಂಡ ತುಂಬಿದ ಸೆಪ್ಟೆಂಬರ್ ಕೊನೆ, ಒಳ್ಳೆಯದು. ಜೂನ್‌ನಲ್ಲಿ ನೆಟ್ಟ ಜಿ-9 ತಳಿಯ ಬಾಳೆ ಏಳೆಂಟು ತಿಂಗಳಿಗೆ, ಬೇಸಿಗೆಯ ಬಾಯಲ್ಲೇ ಗೊನೆ ಹಾಕಿ ಅತಿ ಹೆಚ್ಚು ನೀರು ಕೇಳುತ್ತದೆ. ಹಿಂಗಾರಿನಲ್ಲಿ ನೆಟ್ಟರೆ ಗೊನೆ ಮುಂಗಾರಿಗೆ ಬರುತ್ತದೆ.

ಹೊಂಡದ ನೀರನ್ನು ಹನಿ ನೀರಾವರಿಗೆ ಬಿಡಲು ಜಾಲರಿ ಫಿಲ್ಟರ್ ಒಂದೇ ಸಾಲದು. ಪಾಚಿ ಅದನ್ನು ದಿನದೊಳಗೆ ಕಟ್ಟಿಹಾಕುತ್ತದೆ. ಮೊದಲು ಮರಳು ಫಿಲ್ಟರ್, ನಂತರ ಜಾಲರಿ. ಪಂಪಿನ ಫುಟ್‌ವಾಲ್ವನ್ನು (ನೀರು ಹೀರುವ ಪೈಪಿನ ತುದಿಯ ಕವಾಟ) ತಳಕ್ಕೆ ಬಿಡದೆ, ಖಾಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಕಟ್ಟಿ ನೀರಿನ ಮೇಲ್ಮೈಯಿಂದ ಒಂದೂವರೆ ಅಡಿ ಕೆಳಗೆ ತೇಲಿಸಿ. ತಳದ ಹೂಳೂ ಬರದು, ಮೇಲಿನ ಪಾಚಿಯೂ ಬರದು.

ಸಾಲಿಗೊಂದು 16 ಮಿ.ಮೀ. ಪೈಪು, ಗಿಡಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್. ಎರಡು ಗಂಟೆ ಬಿಟ್ಟರೆ 16 ಲೀಟರ್. ಎಳೆಯ ಗಿಡಕ್ಕೆ ಒಂದು ಗಂಟೆ ಸಾಕು. ಡ್ರಿಪ್ಪರನ್ನು ಮೊದಲು ಬುಡದಿಂದ ಅರ್ಧ ಅಡಿಗೆ ಇಡಿ. ನಾಲ್ಕು ತಿಂಗಳಾದ ಮೇಲೆ ಒಂದೂವರೆ ಅಡಿಗೆ ಸರಿಸಿ, ಇಲ್ಲವಾದರೆ ಬೇರು ಬುಡದಲ್ಲೇ ಗುಂಪುಗೂಡಿ ಗೊನೆ ತೂಗಿದಾಗ ಗಿಡ ಮಗುಚುತ್ತದೆ. ವಾರಕ್ಕೊಮ್ಮೆ ಪೈಪಿನ ತುದಿ ಬಿಚ್ಚಿ ಕೆಸರು ಹರಿಯಬಿಡಿ. ಸಾಲಿನ ಕೊನೆಯ ಡ್ರಿಪ್ಪರಿನ ಕೆಳಗೆ ಪಾತ್ರೆ ಇಡಿ: 15 ನಿಮಿಷಕ್ಕೆ ಒಂದು ಲೀಟರ್ ತುಂಬಬೇಕು. ಮುಕ್ಕಾಲು ಮಾತ್ರ ತುಂಬಿದರೆ ಎಲ್ಲೋ ಕಟ್ಟಿದೆ, ಇಲ್ಲವೇ ಇಲಿ ಕಡಿದಿದೆ.

ಪೈಪಿನ ಮೇಲೆ ಹೊದಿಕೆ. ಕಬ್ಬಿನ ರವದಿ, ಭತ್ತದ ಹುಲ್ಲು, ಒಣ ತೆಂಗಿನ ಗರಿ, ಯಾವುದಾದರೂ ಸರಿ, ನಾಲ್ಕೈದು ಇಂಚು ದಪ್ಪ. ಎಲೆಚುಕ್ಕೆ ರೋಗದ ಬಾಳೆ ಎಲೆ ಬೇಡ. ಬುಡದ ಸುತ್ತ ಒಂದು ಗೇಣು ಬಯಲು ಬಿಡಿ. ದಿಂಡಿಗೆ ತಾಗಿದ ಒದ್ದೆ ಹುಲ್ಲಿನಲ್ಲಿ ಮೂತಿಹುಳು ಸೇರಿ ಗಡ್ಡೆ ಕೊರೆಯುತ್ತದೆ. ಒಣ ಹುಲ್ಲು ಕೊಳೆಯುವಾಗ ಮಣ್ಣಿನ ಸಾರಜನಕ ಹೀರಿ ಎಲೆ ಹಳದಿಯಾಗಬಹುದು. ಹೊದಿಕೆ ಹಾಕಿದ ದಿನವೇ ಸಗಣಿ ಬಗ್ಗಡ ಸುರಿಯಿರಿ.

ಹೊದಿಕೆಯಿದ್ದ ಮೇಲೆ ಮೇಲ್ಮಣ್ಣು ನೋಡಿ ನೀರು ಬಿಡಬೇಡಿ. ಹುಲ್ಲು ಸರಿಸಿ, ಗೇಣು ಆಳದ ಮಣ್ಣು ಹಿಡಿದು ಹಿಸುಕಿ. ಉಂಡೆ ಕಟ್ಟಿದರೆ ಅಂದು ಪಂಪು ಹಾಕುವುದು ಬೇಡ.