ಸ್ಕೂಲ್ ಕಬಡ್ಡಿ ಟೀಮಲ್ಲಿ ಯಾರನ್ನ ಯಾರ ಪಕ್ಕ ನಿಲ್ಲಿಸ್ಬೇಕು? ನನ್ನ ಅನುಭವ

ನಾನು ಮಂಡ್ಯ ಕಡೆ ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರು. ಸೆಲೆಕ್ಷನ್ ಅಂದ್ರೆ ಸಾಕು ಎಲ್ಲಾ ಹುಡುಗ್ರಿಗೂ ರೈಡರ್ರೇ (ಎದುರು ಟೀಮಿನ ಅಂಕಣಕ್ಕೆ ನುಗ್ಗಿ ಮುಟ್ಟಿ ಬರೋನು) ಆಗ್ಬೇಕು, 2019ರ ಜನವರಿ ಪ್ರೊ ಕಬಡ್ಡಿ ಫೈನಲಲ್ಲಿ ಬೆಂಗಳೂರು ಬುಲ್ಸ್‌ಗೆ ಪವನ್ ಸೆಹ್ರಾವತ್ ಒಬ್ರೇ 22 ಪಾಯಿಂಟ್ ತಂದಿದ್ದನ್ನ ಎಲ್ರೂ ಮೊಬೈಲಲ್ಲಿ ನೋಡಿರ್ತಾರೆ. ಅದಕ್ಕೇ ಏನಾಗ್ತೀಯೋ ಅಂತ ನಾನು ಕೇಳಲ್ಲ. ಆಡೋಕೆ ಬಿಟ್ಟು ಪಕ್ಕದಲ್ಲಿ ನಿಂತ್ಕೊಂಡು ಹಿಡಿಯೋ ಏಳು ಜನರನ್ನ ನೋಡ್ತೀನಿ. ರೈಡರ್ ಕಾಲ ಮೇಲೇ ಕಣ್ಣಿಟ್ಟಿರೋನು ಕಾರ್ನರ್‌ಗೆ, ಅಂದ್ರೆ ಸಾಲಿನ ತುದೀಗೆ, ಆಂಕಲ್ (ಪಾದದ ಗಂಟು) ಹಿಡಿಯೋಕೆ ಅದೇ ಬೇಕು. ಪಕ್ಕದೋನು ಕೈ ಹಾಕಿದ ತಕ್ಷಣ ಹೇಳಿಸ್ಕೊಳ್ದೆ ತಾನೂ ನುಗ್ತಾನಲ್ಲ, ಅವನು ಕವರ್, ಅಂದ್ರೆ ಸಾಲಿನ ಒಳಗಡೆ ನಿಂತು ಹಿಡಿಯೋಕೆ ಜೊತೆ ಕೊಡೋನು.

ನಮ್ಮಲ್ಲಿ ಒಬ್ಬ ದಪ್ಪ ಹುಡುಗ ಇದಾನೆ, ಒಳ್ಳೆ ಬಲ, ಆದ್ರೆ ಹೆಜ್ಜೆ ನಿಧಾನ. ಇನ್ನೊಬ್ಬ ಸಣ್ಣಗಿದಾನೆ, ಮಿಂಚಿನ ಥರ ಕಾಲಿಗೆ ಬೀಳ್ತಾನೆ, ಆದ್ರೆ ರೈಡರ್ ಅವನನ್ನ ಲೈನ್ ತನಕ ಎಳ್ಕೊಂಡೇ ಹೋಗ್ಬಿಡ್ತಾನೆ. ಇಬ್ರನ್ನೂ ಅಕ್ಕಪಕ್ಕ ನಿಲ್ಲಿಸ್ದೆ. ಸಣ್ಣೋನು ಒಂದು ಕ್ಷಣ ತಡೆದ್ರೆ ಸಾಕು, ಅಷ್ಟೊತ್ತಿಗೆ ದೊಡ್ಡೋನು ಬಂದು ಬ್ಲಾಕ್ ಮಾಡ್ತಾನೆ, ಆಮೇಲೆ ಯಾವ ರೈಡರ್ರೂ ಅಲ್ಲಾಡಲ್ಲ. ಅದನ್ನ ನೋಡೋಕೆ ನನಗೆ ಈಗ್ಲೂ ಖುಷಿ.

ರೈಡರ್‌ಗಳಿಗೆ ನಾನು ಮೊದಲು ತಲೇಗೆ ಹಾಕೋದು ರಿವೈವಲ್ ಲೆಕ್ಕ, ಅಂದ್ರೆ ಔಟಾದೋರು ವಾಪಸ್ ಒಳಗೆ ಬರೋ ಲೆಕ್ಕ. ನೀನು ಔಟಾಗಿ ಕೂತಾಗ ನಿನ್ನನ್ನ ಒಳಗೆ ಕರ್ಕೊಳ್ಳೋದು ಕಾರ್ನರ್ ಹುಡುಗ ಮಾಡೋ ಟ್ಯಾಕಲ್ಲು, ಬರೀ ಬೋನಸ್ ಪಾಯಿಂಟ್ (ಯಾರನ್ನೂ ಮುಟ್ಟದೆ ಬೋನಸ್ ಗೆರೆ ದಾಟಿ ತರೋದು) ಬಂದ್ರೆ ಯಾರೂ ವಾಪಸ್ ಬರಲ್ಲ ಕಣೋ ಅಂತ. ಇದು ಅರ್ಥ ಆದ್ಮೇಲೆ ನಮ್ ರೈಡರ್ರು ತಾವಾಗೇ ಡಿಫೆಂಡರ್‌ಗಳ ಜೊತೆ ಸಂಜೆ ಪ್ರಾಕ್ಟೀಸಿಗೆ ನಿಂತ್ರು, ಯಾವ ಹಿಡಿತ ತಪ್ಪಿಸ್ಕೊಳ್ಳೋಕೆ ಕಷ್ಟ ಅಂತ ಅವರೇ ಹೇಳ್ಕೊಟ್ರು. ಅದನ್ನ ನಾನು ಹೇಳಿದ್ರೂ ಅಷ್ಟು ಚೆನ್ನಾಗಿ ಆಗ್ತಿರ್ಲಿಲ್ಲ.

ಕ್ಯಾಪ್ಟನ್ ಮಾತ್ರ ಕವರ್ ಹುಡುಗ. ರೈಡರ್ ಆಗಾಗ ಔಟಾಗಿ ಹೊರಗೆ ಕೂರ್ತಾನೆ, ಒಳಗೆ ಧೈರ್ಯ ಹೇಳೋರು ಬೇಕಲ್ವಾ. ಇವನು ಮಾತು ಕಮ್ಮಿ ಆದ್ರೆ ಎದುರು ಟೀಮಲ್ಲಿ ಎಷ್ಟು ಜನ ಉಳಿದಿದಾರೆ ಅಂತ ಯಾವಾಗ್ಲೂ ಎಣಿಸ್ತಾನೆ ಇರ್ತಾನೆ, ಆರು ಜನ ಇದ್ರೆ "ಬೋನಸ್ ಇದೆ ಹೋಗು" ಅಂತಾನೆ, ಐದಕ್ಕೆ ಇಳಿದ್ರೆ "ಟಚ್ಚೇ ಬೇಕು" ಅಂತಾನೆ.

ಸಣ್ಣೋನು ಈ ವರ್ಷ ಹತ್ತನೇ ಕ್ಲಾಸ್ ಮುಗಿಸಿ ಹೋಗ್ತಾನೆ. ಅದಕ್ಕೆ ಈಗ್ಲಿಂದಾನೇ ಎಂಟನೇ ಕ್ಲಾಸಿನ ಒಬ್ಬ ಚುರುಕು ಹುಡುಗನ್ನ ಆ ದೊಡ್ಡೋನ ಪಕ್ಕ ನಿಲ್ಲಿಸಿ ಆಡಿಸ್ತಿದೀನಿ.