ಊರನ್ನು ಮೇಲಿಂದ ನೋಡೋಕೆ ಮೊದಲು ತಾರೀಕು ನೋಡಿ

ಮೊಬೈಲಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ಸ್ಯಾಟಲೈಟ್ ಒತ್ತಿದರೆ ಊರು ಕಾಣುತ್ತದೆ, ಅದು ಎಲ್ಲರಿಗೂ ಗೊತ್ತು. ಅದನ್ನು ಲೈವ್ ಅಂದುಕೊಂಡು ‘ನಮ್ಮ ಎಮ್ಮೆ ಎಲ್ಲಿ ಮೇಯ್ತಿದೆ ನೋಡು’ ಅನ್ನುವವರೂ ಇದ್ದಾರೆ. ಅದು ಎಂದೋ ತೆಗೆದ ಚಿತ್ರ. ಎಂದು ಅಂತ ತಿಳಿಯಬೇಕಾದರೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ತ್ ಪ್ರೊ ಹಾಕಿಕೊಳ್ಳಿ. 2015ರಿಂದ ಅದು ಉಚಿತ.

ಹಳ್ಳಿಯ ಹೆಸರು ಹುಡುಕಿದರೆ ಬೇರೆ ತಾಲ್ಲೂಕಿನ ಅದೇ ಹೆಸರಿನ ಊರಿಗೆ ಹೋಗಿಬಿಡುತ್ತದೆ. ಅದರ ಬದಲು ಫೋನಿನ ಮ್ಯಾಪ್ಸ್‌ನಲ್ಲಿ ನಿಮ್ಮ ತೋಟದ ಮೇಲೆ ಬೆರಳು ಒತ್ತಿ ಹಿಡಿಯಿರಿ, ಅಕ್ಷಾಂಶ ರೇಖಾಂಶದ ಅಂಕೆ ಬರುತ್ತದೆ, ಅದನ್ನೇ ಕಾಪಿ ಮಾಡಿ ಅರ್ತ್‌ನ ಹುಡುಕು ಪೆಟ್ಟಿಗೆಗೆ ಹಾಕಿ. ಹತ್ತಿರ ಹೋದಂತೆ ನೋಟ ಓರೆಯಾದರೆ ಕೀಬೋರ್ಡಿನಲ್ಲಿ ಯು ಒತ್ತಿ, ನೇರ ಮೇಲಿಂದ ಕಾಣುತ್ತದೆ. ಸಿಕ್ಕಾಪಟ್ಟೆ ಜೂಮ್ ಮಾಡಬೇಡಿ. ಒಳ್ಳೆಯ ಉಪಗ್ರಹ ಚಿತ್ರದಲ್ಲೂ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಸುಮಾರು 30 ಸೆಂಟಿಮೀಟರ್, ಹಾಗಾಗಿ ಕಾರು ಕಾರಿನಂತೆ ಕಾಣುತ್ತದೆ, ತೆಂಗಿನ ಮರ ನಕ್ಷತ್ರದಂತೆ ಕಾಣುತ್ತದೆ, ಮನುಷ್ಯ ಬರೀ ಒಂದು ಕಲೆ.

ಈಗ ಮುಖ್ಯ ವಿಷಯ. ಮೇಲಿನ ಸಾಲಿನಲ್ಲಿ ಗಡಿಯಾರದ ಗುರುತು ಇದೆ, ಒತ್ತಿ. ತಾರೀಕುಗಳ ಒಂದು ಪಟ್ಟಿ ಬರುತ್ತದೆ, ಅದನ್ನು ಎಳೆದರೆ ಅದೇ ಜಾಗ ಹಿಂದಿನ ವರ್ಷಗಳಲ್ಲಿ ಹೇಗಿತ್ತು ಅಂತ ಒಂದೊಂದಾಗಿ ಕಾಣುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದ ಚಿತ್ರ ಬಿಟ್ಟುಬಿಡಿ, ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನದು ಚೆನ್ನಾಗಿರುತ್ತದೆ. ಕೆರೆ ನೋಡುವವರು ಮಾತ್ರ ಒಂದೇ ತಿಂಗಳ ಚಿತ್ರಗಳನ್ನು ಹೋಲಿಸಿ. ನವೆಂಬರಿನ ತುಂಬಿದ ಕೆರೆಯ ಪಕ್ಕ ಮಾರ್ಚಿನದನ್ನು ಇಟ್ಟು ‘ಕೆರೆ ನುಂಗಿಬಿಟ್ರು’ ಅಂದರೆ ಹೇಗೆ?

ಈ ಪಟ್ಟಿ ಎಳೆದು ನಾನೇ ಒಮ್ಮೆ ಪೇಚಿಗೆ ಸಿಕ್ಕಿದ್ದೇನೆ. ಚಿಕ್ಕಪ್ಪನಿಗೆ ಎರಡು ವರ್ಷದ ಚಿತ್ರ ತೋರಿಸಿದೆ. ಪಕ್ಕದವರ ಬೇಲಿ ಹತ್ತಡಿ ನಮ್ಮ ಕಡೆಗೆ ಬಂದಂತೆ ಕಂಡಿತು, ಚಿಕ್ಕಪ್ಪ ಆವತ್ತೇ ಹೋಗಿ ಜಗಳ ಆಡಿ ಬಂದರು. ಆಮೇಲೆ ನೋಡಿದರೆ ನಮ್ಮ ಬಾವಿಯೂ ಹತ್ತಡಿ ಸರಿದಿತ್ತು! ಬೇರೆ ಬೇರೆ ದಿನದ ಚಿತ್ರಗಳು ನೆಲದ ಮೇಲೆ ಕರಾರುವಾಕ್ಕಾಗಿ ಕೂರುವುದಿಲ್ಲ, ಕೆಲವು ಮೀಟರ್ ಆಚೀಚೆ ಇರುತ್ತವೆ. ಅದಕ್ಕೇ ಬಾವಿ, ಗುಡಿ, ಹಳೇ ಮನೆಯ ಮೂಲೆ, ಇಂಥ ಅಲುಗಾಡದ್ದನ್ನು ಮೊದಲು ನೋಡಿ. ಅದೂ ಸರಿದಿದ್ದರೆ ಸರಿದದ್ದು ಚಿತ್ರ, ಬೇಲಿಯಲ್ಲ.

ಜಾಗ ಎಷ್ಟಿದೆ ಅಂತ ಅಂದಾಜು ಬೇಕಾದರೆ ರೂಲರ್ ತೆರೆದು ಪಾಲಿಗನ್ ಆರಿಸಿ, ಸುತ್ತ ಕ್ಲಿಕ್ ಮಾಡುತ್ತಾ ಬನ್ನಿ, ಅಳತೆಯನ್ನು ಎಕರೆಗೆ ಬದಲಿಸಿ. ಬಂದದ್ದನ್ನು 40ರಿಂದ ಗುಣಿಸಿದರೆ ಗುಂಟೆ.

ಅರ್ತ್‌ನಲ್ಲಿ ಮಸುಕಾಗಿದ್ದರೆ ಎಸ್ರಿ ಎಂಬ ನಕ್ಷೆ ಕಂಪನಿಯ ವೇಬ್ಯಾಕ್ ತಾಣ ನೋಡಿ, ಅದು ಬ್ರೌಸರಿನಲ್ಲೇ ತೆರೆಯುತ್ತದೆ, 2014ರಿಂದ ಈಚಿನ ಚಿತ್ರಗಳಿವೆ. ಅಲ್ಲಿ ಪಕ್ಕದ ಪಟ್ಟಿಯ ತಾರೀಕು ಅವರು ಪ್ರಕಟಿಸಿದ ದಿನ, ತೆಗೆದ ದಿನವಲ್ಲ. ನಕ್ಷೆಯ ಮೇಲೆ ಕ್ಲಿಕ್ ಮಾಡಿದರೆ ನಿಜವಾದ ತಾರೀಕು ಸಿಗುತ್ತದೆ. ಇಸ್ರೋದ ನಕ್ಷೆ ತಾಣ ಭುವನ್ 2009ರಿಂದ ಇದೆ. ಮನೆ ಹಿತ್ತಲು ನೋಡೋಕಿಂತ ಕಾಡೆಷ್ಟು, ಬೆಳೆ ಎಷ್ಟು ಅಂತ ಭೂಬಳಕೆ ತಿಳಿಯೋಕೆ ನನಗೆ ಅದು ಇಷ್ಟ.

ಸರ್ವೆ ನಂಬರ್ ಬೇಕಾದವರಿಗೆ ನಮ್ಮ ರಾಜ್ಯದ್ದೇ ದಿಶಾಂಕ್ ಆ್ಯಪ್ ಇದೆ. ಗದ್ದೆಯಲ್ಲಿ ನಿಂತು ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ. ಆ ಗೆರೆಯನ್ನೇ ನಂಬಿ ಬೇಲಿ ಹಾಕಬೇಡಿ, ಅದಕ್ಕೆ ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸಿಕೊಡಲು, ಅರ್ಜಿ ಕೊಟ್ಟು ಸರ್ವೆಯರ್ ಬಂದು ಅಳೆಯಬೇಕು. ಚಿಕ್ಕಪ್ಪನೂ ಕೊನೆಗೆ ಅದನ್ನೇ ಮಾಡಿದರು.